ಗ್ಲೌಸ್ ಹಾಕಿದ ಕೈ ಎಲ್ಲಿಗೆ ಹೋಗಿತ್ತು?

ಪ್ರಶ್ನೆ: ನಾನು ಮೂಲತಃ ಶಿರಸಿಯವಳು. ಆರು ವರ್ಷಗಳಿಂದ ನವಿ ಮುಂಬಯಿಯ ಒಂದು ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ರಕ್ತನಾಳದ ಮೂಲಕ ಕೊಡುವ ಪೋಷಣೆಯ ಚೀಲಗಳನ್ನು, ಅಂದರೆ ಟಿಪಿಎನ್ ಅನ್ನು, ನಮ್ಮ ಕೋಣೆಯ ಹುಡ್‌ನಲ್ಲೇ, ಅಂದರೆ ಶೋಧಿಸಿದ ಗಾಳಿ ಹರಿಯುವ ಪೆಟ್ಟಿಗೆಯಂಥ ಮೇಜಿನಲ್ಲೇ, ಬೆರೆಸುತ್ತೇವೆ. ವಾರದಲ್ಲಿ ಎರಡು ದಿನ ಪಕ್ಕದ ಕೋಣೆಯಲ್ಲಿ ಕ್ಯಾನ್ಸರ್ ಔಷಧಿ ತಯಾರಿಸುವ ಪಾಳಿಯೂ ನನಗಿದೆ. ಕಳೆದ ತಿಂಗಳು ಹೊರಗಿನಿಂದ ತಪಾಸಣೆಗೆ ಬಂದವರು 11 ಆಕ್ಷೇಪ ಬರೆದರು. ಫಿಲ್ಟರ್, ಗಾಳಿಯ ಒತ್ತಡ, ಉಷ್ಣತೆ ಎಲ್ಲವೂ ಸರಿಯಾಗಿತ್ತು. 11ರಲ್ಲಿ 8 ಆಕ್ಷೇಪಗಳು ನಮ್ಮ ಕೈ, ಉಡುಪು, ನಡವಳಿಕೆಯ ಮೇಲೆ. ನನ್ನ ಪಾಲಿಗೆ ಎರಡು: ‘ಗ್ಲೌಸ್ ಹಾಕಿದ ಕೈಯಿಂದ ಫ್ರಿಜ್ ತೆರೆದು ನೇರವಾಗಿ ಹುಡ್‌ಗೆ ಮರಳಿದರು’, ‘ವೈಯಲ್‌ಗೆ ಬರುವ ಗಾಳಿಗೆ ಕೈ ಅಡ್ಡ ಹಿಡಿದರು’. (ವೈಯಲ್ ಎಂದರೆ ಔಷಧಿಯ ಪುಟ್ಟ ಬಾಟಲಿ.) ಮ್ಯಾನೇಜರ್ ‘ಸಿಬ್ಬಂದಿಗೆ ಮರುತರಬೇತಿ ನೀಡಲಾಗಿದೆ’ ಎಂದು ಬರೆದು ನನ್ನಿಂದ ಸಹಿ ಹಾಕಿಸಿದರು. ಆರು ವರ್ಷಗಳಲ್ಲಿ ನಮ್ಮ ಚೀಲದಿಂದ ಒಂದು ಮಗುವಿಗೂ ಸೋಂಕಾಗಿಲ್ಲ. ಲಕ್ಷಾಂತರ ರೂಪಾಯಿಯ ಯಂತ್ರ ಇರುವಾಗ ಕೈ ಸ್ವಲ್ಪ ಆಚೀಚೆ ಆದರೆ ಅಷ್ಟು ದೊಡ್ಡ ತಪ್ಪೇ? ಮುಂದಿನ ತಪಾಸಣೆಯಲ್ಲಿ ಏನನ್ನು ನೋಡುತ್ತಾರೆ?

ಉತ್ತರ: ತಪಾಸಣೆಗೆ ಬಂದವರು ಬರೆದದ್ದು ಸರಿ, ನಿಮ್ಮ ಮ್ಯಾನೇಜರ್ ಬರೆದದ್ದು ತಪ್ಪು. ಮೊದಲನೆಯ ಮಾತು ನಿಮಗೆ ಹಿಡಿಸಲಿಕ್ಕಿಲ್ಲ, ಎರಡನೆಯದು ಅವರಿಗೆ ಹಿಡಿಸಲಿಕ್ಕಿಲ್ಲ. ಗೋವೆಯ ವೆರ್ಣಾದಲ್ಲೂ ಆಮೇಲೆ ಠಾಣೆ–ಬೇಲಾಪುರ ರಸ್ತೆಯ ಕಾರ್ಖಾನೆಗಳಲ್ಲೂ ಇಂಜೆಕ್ಷನ್ ತಯಾರಿಕೆಯ ಸೂಕ್ಷ್ಮಜೀವಿ ವಿಭಾಗದಲ್ಲಿ ಮೂವತ್ತು ವರ್ಷ ಕಳೆದವನು ನಾನು. ಮೊದಲು ತಪಾಸಣೆ ಮಾಡಿಸಿಕೊಂಡೆ, ಆಮೇಲೆ ನಾನೇ ಮಾಡುವವನಾದೆ. ಎರಡೂ ಕುರ್ಚಿಯಲ್ಲಿ ಕೂತವನ ಮಾತು ಎಂದುಕೊಂಡು ಓದಿ.

ಹುಡ್ ಏನು ಮಾಡುತ್ತದೆ ಎಂಬುದರಲ್ಲೇ ನಿಮ್ಮ ಮೊದಲ ಪ್ರಶ್ನೆಗೆ ಉತ್ತರವಿದೆ. ಹೆಪಾ ಫಿಲ್ಟರ್ 0.3 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಗಾತ್ರದ ಕಣಗಳಲ್ಲಿ ಶೇ 99.97ರಷ್ಟನ್ನು ತಡೆದು ನಿಲ್ಲಿಸುತ್ತದೆ. ಶೋಧಿಸಿದ ಆ ಗಾಳಿ ಸೆಕೆಂಡಿಗೆ ಹೆಚ್ಚು ಕಡಿಮೆ ಅರ್ಧ ಮೀಟರ್ ವೇಗದಲ್ಲಿ ಒಂದೇ ದಿಕ್ಕಿಗೆ ಸಾಲಾಗಿ ಹರಿಯುತ್ತದೆ. ಹುಡ್‌ನ ಒಳಗಿನ ಒಂದು ಘನ ಮೀಟರ್ ಗಾಳಿಯಲ್ಲಿ ಅರ್ಧ ಮೈಕ್ರಾನ್ ಮತ್ತು ಅದಕ್ಕಿಂತ ದೊಡ್ಡ ಕಣಗಳು 3,520 ದಾಟಬಾರದು. ಇತ್ತ, ಸುಮ್ಮನೆ ಕೂತ ಮನುಷ್ಯನ ಮೈಯಿಂದಲೇ ನಿಮಿಷಕ್ಕೆ ಲಕ್ಷದ ಲೆಕ್ಕದಲ್ಲಿ ಕಣಗಳು ಉದುರುತ್ತವೆ. ಎದ್ದು ಓಡಾಡಿದರೆ ಅದರ ಹಲವು ಪಟ್ಟು. ಚರ್ಮದ ಹೊಟ್ಟು, ಕೂದಲ ಚೂರು, ಉಗುಳಿನ ಹನಿ, ಅವುಗಳ ಮೇಲೆ ಸವಾರಿ ಮಾಡುವ ಬ್ಯಾಕ್ಟೀರಿಯಾ. ಅಷ್ಟು ಶುದ್ಧವಾದ ಆ ಜಾಗಕ್ಕೆ ಹೊರಗಿನಿಂದ ನುಗ್ಗುವ ವಸ್ತು ದಿನಕ್ಕೆ ನೂರಾರು ಸಲ ಒಳಹೊರಗೆ ಹೋಗುವ ಮುಖ್ಯವಾಗಿ ನಿಮ್ಮ ಎರಡು ಕೈಗಳು. ಯಂತ್ರ ದುಬಾರಿಯಾದಷ್ಟೂ ಆ ಕೈಗಳ ಮೇಲಿನ ಕಣ್ಣು ಹರಿತವಾಗುತ್ತದೆ. ಉಳಿದ ದಾರಿಗಳನ್ನೆಲ್ಲ ಯಂತ್ರ ಮುಚ್ಚಿದೆಯಲ್ಲ!

ಗಾಳಿಗೆ ಕೈ ಅಡ್ಡ ಹಿಡಿದ ಆಕ್ಷೇಪದ ಬಗ್ಗೆ ನನಗೊಂದು ಅನುಮಾನವಿದೆ. ಕ್ಯಾನ್ಸರ್ ಔಷಧಿಯ ಕ್ಯಾಬಿನೆಟ್‌ನಲ್ಲಿ ಗಾಳಿ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಅಲ್ಲಿ ವೈಯಲ್‌ನ ನೆತ್ತಿಯ ಮೇಲೆ ಕೈ ಬರಬಾರದು. ಬದಿಯಿಂದ, ಹಿಂದಿನಿಂದ ಹಿಡಿದರೆ ತೊಂದರೆಯಿಲ್ಲ. ಟಿಪಿಎನ್‌ಗೆ ಸಾಮಾನ್ಯವಾಗಿ ಬಳಸುವ ಹುಡ್‌ನಲ್ಲಿ ಗಾಳಿ ಹಿಂದಿನ ಗೋಡೆಯಿಂದ ಹೊರಟು ನಿಮ್ಮ ಎದೆಯ ಕಡೆಗೆ ಬರುತ್ತದೆ. ಅಲ್ಲಿ ವೈಯಲ್‌ನ ಹಿಂದೆ ಕೈ ಹೋಯಿತೆಂದರೆ ಗ್ಲೌಸ್ ಸವರಿಕೊಂಡು ಬಂದ ಗಾಳಿ ವೈಯಲ್‌ನ ರಬ್ಬರ್ ಬಿರಡೆಯ ಮೇಲೆ ಬೀಳುತ್ತದೆ. ಅಂದರೆ ಬುಧವಾರ ಒಂದು ಕೋಣೆಯಲ್ಲಿ ಸರಿಯಾಗಿದ್ದ ಹಿಡಿತ ಗುರುವಾರ ಇನ್ನೊಂದು ಕೋಣೆಯಲ್ಲಿ ತಪ್ಪಾಗುತ್ತದೆ. ಎರಡು ದಿನ ಅಲ್ಲಿ, ಉಳಿದ ದಿನ ಇಲ್ಲಿ ದುಡಿಯುವ ನಿಮ್ಮ ಕೈ ಅಲ್ಲಿಯ ಅಭ್ಯಾಸವನ್ನು ಇಲ್ಲಿಗೆ ಹೊತ್ತು ತಂದಿರುವ ಸಾಧ್ಯತೆಯೇ ಹೆಚ್ಚು. ಇದನ್ನು ಅಜಾಗರೂಕತೆ ಎನ್ನಲು ನನಗೆ ಮನಸ್ಸಿಲ್ಲ. ಎಡಗಡೆ ಸ್ಟಿಯರಿಂಗ್ ಇರುವ ಗಾಡಿ ಓಡಿಸಿ ಬಂದವನು ಊರಿನ ಗಾಡಿಯಲ್ಲಿ ಒಂದೆರಡು ದಿನ ತಡವರಿಸುತ್ತಾನಲ್ಲ, ಹಾಗೆ.

ಇದನ್ನು ಬಾಯಿಮಾತಿನಲ್ಲಿ ಎಷ್ಟು ಹೇಳಿದರೂ ತಲೆಗೆ ಇಳಿಯುವುದಿಲ್ಲ. ಹುಡ್ ಪ್ರಮಾಣೀಕರಿಸಲು ಬರುವವರು ಹೊಗೆ ಬಿಟ್ಟು ಗಾಳಿಯ ದಾರಿಯನ್ನು ವಿಡಿಯೊ ಮಾಡುತ್ತಾರೆ. ಆ ವಿಡಿಯೊ ಎಲ್ಲ ಕಡೆ ಕಡತದಲ್ಲಿ ಕೊಳೆಯುತ್ತಿರುತ್ತದೆ. ಕೆಲಸ ಮಾಡುವವರು ಕಂಡಿರುವುದಿಲ್ಲ. ಮುಂದಿನ ಸಲ ಹೊಗೆ ಬಿಡುವಾಗ ನೀವೇ ಕೂತು, ನಿಮ್ಮ ಎಂದಿನ ರೀತಿಯಲ್ಲೇ ವೈಯಲ್ ಹಿಡಿಯಿರಿ. ನೇರವಾಗಿ ಬರುತ್ತಿದ್ದ ಹೊಗೆ ನಿಮ್ಮ ಬೆರಳಿಗೆ ತಾಗಿ, ಸುರುಳಿ ಸುತ್ತಿ, ವೈಯಲ್‌ನ ಕುತ್ತಿಗೆಯ ಹತ್ತಿರ ಒಂದು ಕ್ಷಣ ನಿಂತು ಹೋಗುವುದನ್ನು ಒಮ್ಮೆ ಕಣ್ಣಾರೆ ಕಂಡರೆ ಸಾಕು. (ಊದುಬತ್ತಿ ಹಚ್ಚಿ ನೋಡುತ್ತೇನೆ ಎಂದು ಮಾತ್ರ ಹೊರಡಬೇಡಿ. ಒಂದು ಆಸ್ಪತ್ರೆಯಲ್ಲಿ ಆಯುಧಪೂಜೆಯ ಮರುದಿನ ತಪಾಸಣೆಗೆ ಹೋಗಿದ್ದೆ. ಹುಡ್‌ನ ಜಾಲರಿಗೆ ಅರಿಶಿನ ಕುಂಕುಮ, ಮೇಲೆ ಚೆಂಡುಹೂವಿನ ಹಾರ, ಫಿಲ್ಟರ್‌ನ ಮುಂದೆಯೇ ಊದುಬತ್ತಿಯ ಬೂದಿ. ಭಕ್ತಿಯನ್ನು ಆಕ್ಷೇಪಿಸುವುದು ಹೇಗೆ ಎಂದು ಅರ್ಧ ಗಂಟೆ ಯೋಚಿಸಿ, ‘ಹುಡ್‌ನ ಒಳಗೆ ಸಸ್ಯಜನ್ಯ ವಸ್ತು’ ಎಂದು ಬರೆದೆ.)

ಈಗ ಫ್ರಿಜ್‌ಗೆ ಬರೋಣ. ನೀವು ಶಿರಸಿಯ ಕಡೆಯವರು. ಮಡಿ ಉಟ್ಟ ಅಜ್ಜಿಯನ್ನು ಕಂಡೇ ಇರುತ್ತೀರಿ. ಕುಂದಾಪುರದ ನಮ್ಮ ಮನೆಯಲ್ಲಿ ಅಜ್ಜಿ ಮಡಿಯಲ್ಲಿರುವಾಗ ನಾವು ಮಕ್ಕಳು ಎರಡು ಮಾರು ದೂರ ನಿಲ್ಲಬೇಕಿತ್ತು. ಆ ಆಚಾರದ ಹೆಸರಿನಲ್ಲಿ ಜನ ಜನರನ್ನು ದೂರ ಇಟ್ಟ ಕಥೆ ಬೇರೆಯೇ ಇದೆ, ಅದಕ್ಕೆ ನನ್ನ ಸಮರ್ಥನೆಯಿಲ್ಲ. ನಾನು ಹೇಳಹೊರಟದ್ದು ಅಜ್ಜಿಯ ಒಂದು ಅಭ್ಯಾಸದ ಬಗ್ಗೆ. ಆಕೆಗೆ ತನ್ನ ಕೈ ಕೊನೆಯದಾಗಿ ಏನನ್ನು ಮುಟ್ಟಿತ್ತು ಎಂಬುದು ಸದಾ ನೆನಪಿರುತ್ತಿತ್ತು. ಒಲೆ ಮುಂದೆ ಕೂತವಳಿಗೆ ಮಜ್ಜಿಗೆ ಬೇಕಾದರೆ ಕಪಾಟನ್ನು ತಾನು ತೆರೆಯುತ್ತಿರಲಿಲ್ಲ, ಇನ್ನೊಬ್ಬರು ತಂದು ಮೇಲಿನಿಂದ ಸುರಿಯಬೇಕಿತ್ತು. ಗ್ಲೌಸ್ ಹಾಕಿದವರಲ್ಲಿ ನಾನು ಕಂಡ ಅತಿ ಸಾಮಾನ್ಯ ತಪ್ಪು ಎಂದರೆ ಈ ನೆನಪು ಕಳೆದುಹೋಗುವುದು. ಗ್ಲೌಸ್ ಸ್ಟೆರೈಲ್, ಅಂದರೆ ಒಂದೂ ಸೂಕ್ಷ್ಮಜೀವಿ ಇಲ್ಲದ್ದು, ಆಗಿರುವುದು ಪೊಟ್ಟಣ ಒಡೆದ ಗಳಿಗೆಯಲ್ಲಿ ಮಾತ್ರ. ಅದು ಫ್ರಿಜ್‌ನ ಹಿಡಿಕೆ ಮುಟ್ಟಿದ ಮೇಲೆ ಆ ಹಿಡಿಕೆಯನ್ನು ಬೆಳಗಿನಿಂದ ಮುಟ್ಟಿದ ಎಲ್ಲರ ಕೈಯೂ ಹೌದು. ಬರಿಗೈಯಾಗಿದ್ದರೆ ಕೊಳೆಯಾಯಿತು ಎಂಬ ಅಳುಕಾದರೂ ಇರುತ್ತಿತ್ತು. ಗ್ಲೌಸ್ ಅದನ್ನೂ ಕಿತ್ತುಕೊಳ್ಳುತ್ತದೆ.

ಹುಡ್‌ನಿಂದ ಹೊರಗೆ ಬಂದು ಏನನ್ನೇ ಮುಟ್ಟಿದ ಮೇಲೂ ಒಳಗೆ ಹೋಗುವ ಮುನ್ನ ಶೇ 70ರ ಸ್ಟೆರೈಲ್ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ, ತಾನಾಗಿಯೇ ಒಣಗಲು ಬಿಡಬೇಕು. ಹರಿದಿದ್ದರೆ, ನೆಲಕ್ಕೆ ತಾಗಿದ್ದರೆ, ಮಾಸ್ಕ್ ಸರಿಪಡಿಸಲು ಮೂಗು ಮುಟ್ಟಿದ್ದರೆ ಗ್ಲೌಸನ್ನೇ ಬದಲಿಸಿ. ಇಲ್ಲಿ ‘ಸ್ಟೆರೈಲ್’ ಎಂಬ ಮಾತು ಅಲಂಕಾರಕ್ಕೆ ಹಾಕಿದ್ದಲ್ಲ. ಕ್ಯಾನ್‌ನಿಂದ ಸ್ಪ್ರೇ ಬಾಟಲಿಗೆ ತುಂಬಿಸಿ ತುಂಬಿಸಿ ಬಳಸುವ ಸ್ಪಿರಿಟ್‌ನಲ್ಲಿ ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾದ ಬೀಜಕಣಗಳು (ಗಟ್ಟಿ ಕವಚದೊಳಗೆ ನಿದ್ರಿಸುವ ರೂಪ) ಆರಾಮವಾಗಿ ಬದುಕಿರುತ್ತವೆ. ಆಲ್ಕೊಹಾಲ್ ಅವುಗಳನ್ನು ಕೊಲ್ಲುವುದಿಲ್ಲ. ಶುದ್ಧಗೊಳಿಸುತ್ತೇನೆ ಎಂದುಕೊಂಡು ಗ್ಲೌಸಿಗೆ ಬೀಜಕಣ ಸಿಂಪಡಿಸಿಕೊಳ್ಳುವವರನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ಕಂಡಿದ್ದೇನೆ.

‘ಆರು ವರ್ಷಗಳಲ್ಲಿ ಒಂದು ಮಗುವಿಗೂ ಸೋಂಕಾಗಿಲ್ಲ’ ಎಂದಿದ್ದೀರಿ. ನೀವು ಹೇಳಬಹುದಾದದ್ದು ಇಷ್ಟೇ: ಸೋಂಕು ನಿಮ್ಮ ಚೀಲದಿಂದ ಬಂತು ಎಂದು ಆರು ವರ್ಷಗಳಲ್ಲಿ ಯಾರೂ ಪತ್ತೆ ಹಚ್ಚಿಲ್ಲ. ಒಂದು ಕಿಲೋ ತೂಗದ ಮಗುವಿಗೆ ಜ್ವರ ಬಂದರೆ ಕಾರಣ ಹೇಳಲು ಹತ್ತು ಬಾಬತ್ತುಗಳಿರುತ್ತವೆ: ಕ್ಯಾಥೆಟರ್, ವೆಂಟಿಲೇಟರ್, ಎಳೆಯ ಚರ್ಮ. ಖಾಲಿಯಾದ ಚೀಲವನ್ನು ಕಸದ ಬುಟ್ಟಿಯಿಂದ ಎತ್ತಿ ಪರೀಕ್ಷೆಗೆ ಕಳಿಸುವವರು ಯಾರು? ಚೀಲಗಳನ್ನು ಪರೀಕ್ಷಿಸಿ ಸಿಕ್ಕಿಬೀಳಿಸೋಣ ಎಂದರೆ ಲೆಕ್ಕ ಕೈ ಕೊಡುತ್ತದೆ. ಸಾವಿರಕ್ಕೆ ಒಂದು ಚೀಲ ಕೆಟ್ಟಿದೆ ಎಂದುಕೊಳ್ಳಿ. ನೀವು 20 ಚೀಲಗಳನ್ನು ಒಡೆದು ಪರೀಕ್ಷಿಸಿದರೂ ಆ ಒಂದು ಕೈಗೆ ಸಿಗುವ ಸಂಭವ ನೂರಕ್ಕೆ ಎರಡು. ಅದೇ ಹೊತ್ತಿಗೆ, ಒಳಗೆ ಹೋದ ಒಂದೇ ಒಂದು ಬ್ಯಾಕ್ಟೀರಿಯಾಕ್ಕೆ ಅನುಕೂಲ ಸಿಕ್ಕಿ ಅರ್ಧ ಗಂಟೆಗೊಮ್ಮೆ ಇಮ್ಮಡಿಸಿದರೆ ಎಂಟು ಗಂಟೆಗಳಲ್ಲಿ 65,536 ಆಗುತ್ತದೆ. ನಿಮ್ಮ ಚೀಲ ಮಗುವಿನ ಪಕ್ಕದಲ್ಲಿ 24 ಗಂಟೆ ತೂಗುತ್ತದೆ. ಕೊನೆಯಲ್ಲಿ ಪರೀಕ್ಷಿಸಿ ಹಿಡಿಯಲಾಗದ ವಸ್ತುವನ್ನು ಮಾಡುವಾಗಲೇ ಕಾಯಬೇಕು. ತಪಾಸಕರು ಪ್ರಯೋಗಾಲಯದ ವರದಿಯನ್ನು ಬದಿಗಿಟ್ಟು ಗಾಜಿನಾಚೆ ನಿಂತು ಕೈ ನೋಡುವುದು ಇದೇ ಕಾರಣಕ್ಕೆ.

ಟಿಪಿಎನ್‌ನದ್ದೇ ಉದಾಹರಣೆ ಬೇಕೆಂದರೆ, 2011ರಲ್ಲಿ ಅಮೆರಿಕದ ಅಲಬಾಮಾದ ಆರು ಆಸ್ಪತ್ರೆಗಳಲ್ಲಿ 19 ರೋಗಿಗಳಿಗೆ ಸೆರೇಶಿಯಾ ಎಂಬ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿತು, ಒಂಬತ್ತು ಮಂದಿ ತೀರಿಕೊಂಡರು. ಎಲ್ಲರಿಗೂ ಒಂದೇ ಫಾರ್ಮಸಿಯ ಟಿಪಿಎನ್ ಹೋಗಿತ್ತು. ಹುಡುಕುತ್ತಾ ಹೋದಾಗ ಅದೇ ಜೀವಿ ಸಿಕ್ಕಿದ್ದು ನಲ್ಲಿಯಲ್ಲಿ, ಅಮೈನೊ ಆಮ್ಲ ಕಲಸುವ ಪಾತ್ರೆಯಲ್ಲಿ ಮತ್ತು ಕಲಕುವ ಸಾಧನದಲ್ಲಿ. ಮರುವರ್ಷ ಮ್ಯಾಸಚೂಸೆಟ್ಸ್‌ನ ಫ್ರೇಮಿಂಗ್‌ಹ್ಯಾಮ್ ಊರಿನ ಒಂದು ಕಂಪನಿ ಬೆರೆಸಿ ಮಾರಿದ ಸ್ಟೀರಾಯ್ಡ್ ಇಂಜೆಕ್ಷನ್‌ನಿಂದ ಶಿಲೀಂಧ್ರದ ಸೋಂಕು ಹರಡಿತು: ಅಲ್ಲಿಯ ಸರ್ಕಾರಿ ಲೆಕ್ಕದಂತೆ 753 ಮಂದಿಗೆ ಕಾಯಿಲೆ, 64 ಸಾವು. 2013ರಲ್ಲಿ ಹೊಸ ಕಾನೂನೇ ಬಂತು. ಅಂದಿನಿಂದ ಅಲ್ಲಿಯ ತಪಾಸಣಾ ವರದಿಗಳನ್ನು ಓದಿದರೆ ನಿಮ್ಮ ಮೇಲಿನ ಎರಡು ಆಕ್ಷೇಪಗಳೂ ಹಳೆಯ ಪರಿಚಯದವರಂತೆ ಎದುರಾಗುತ್ತವೆ. ಹಣೆಯ, ಮಣಿಕಟ್ಟಿನ ಚರ್ಮ ಬಯಲಾಗಿತ್ತು. ಹೊರಗಿನದನ್ನು ಮುಟ್ಟಿದ ಗ್ಲೌಸಿನಲ್ಲೇ ಮರಳಿದರು. ತೆರೆದ ಬಾಟಲಿಯ ಬಳಿ ಕೈಯನ್ನು ರಭಸವಾಗಿ ಆಡಿಸಿದರು. ಗಾಳಿಗೆ ಅಡ್ಡ ಬಂದರು. ಫ್ರೇಮಿಂಗ್‌ಹ್ಯಾಮ್‌ನಲ್ಲೂ ನವಿ ಮುಂಬಯಿಯಲ್ಲೂ ಮನುಷ್ಯರ ಕೈ ಒಂದೇ ರೀತಿ ತಪ್ಪುತ್ತದೆ.

ಇಷ್ಟಾದರೆ ನಾನು ತಪಾಸಕರ ಪಕ್ಷದವನೇ ಸರಿ. ಆದರೆ ಮುಂಬಯಿಯ ಹಳೆಯದೊಂದು ಕಥೆಯನ್ನು ಮ್ಯಾನೇಜರರಿಗೆ ಕೇಳುವಂತೆ ಹೇಳಬೇಕಿದೆ.

ಪರೇಲಿನಲ್ಲಿ ಹಾಫ್‌ಕಿನ್ ಸಂಸ್ಥೆಯ ಮುಂದೆ ಹಾದುಹೋಗಿರುತ್ತೀರಿ. 1899ರಲ್ಲಿ ಅದು ಪ್ಲೇಗ್ ಸಂಶೋಧನಾ ಪ್ರಯೋಗಾಲಯವಾಗಿ ಶುರುವಾಯಿತು. ವಾಲ್ಡೆಮಾರ್ ಹಾಫ್‌ಕಿನ್ ಅಲ್ಲಿಂದ ದೇಶಕ್ಕೆಲ್ಲ ಪ್ಲೇಗಿನ ಲಸಿಕೆ ಕಳಿಸುತ್ತಿದ್ದರು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೊವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಲಸಿಕೆ ಹಾಕಿದರು. ಅವರಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ಆ 19 ಮಂದಿಗೂ ಲಸಿಕೆ ಹೋದದ್ದು ಒಂದೇ ಬಾಟಲಿಯಿಂದ. ಬಾಟಲಿ ಪರೇಲಿನಲ್ಲೇ ಕೆಟ್ಟಿತ್ತು ಎಂದು ವಿಚಾರಣಾ ಆಯೋಗ ತೀರ್ಮಾನಿಸಿತು. ಹಾಫ್‌ಕಿನ್ ಹುದ್ದೆ ಕಳೆದುಕೊಂಡು ಲಂಡನ್ನಿಗೆ ಹೋದರು. ಆಮೇಲೆ ಸಾಕ್ಷ್ಯಗಳನ್ನು ಬಿಡಿಸಿ ನೋಡಿದಾಗ ಒಂದು ಸಣ್ಣ ಸಂಗತಿ ಹೊರಬಿತ್ತು. ಹಳ್ಳಿಯಲ್ಲಿ ಬಿರಡೆ ತೆಗೆಯುವಾಗ ಸಹಾಯಕನ ಕೈಯಿಂದ ಇಕ್ಕಳ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಗೊಳಿಸದೆಯೇ ಆತ ಬಾಟಲಿ ತೆರೆದಿದ್ದ. ಧನುರ್ವಾಯುವಿನ ಬೀಜಕಣಗಳು ಇರುವುದೇ ಮಣ್ಣಿನಲ್ಲಿ. 1907ರ ಹೊತ್ತಿಗೆ ರೊನಾಲ್ಡ್ ರಾಸ್‌ರಂಥವರು ಬಹಿರಂಗವಾಗಿ ಪಟ್ಟು ಹಿಡಿದ ಮೇಲೆ ಹಾಫ್‌ಕಿನ್ ಆರೋಪಮುಕ್ತರಾದರು.

ಈ ಕಥೆಯನ್ನು ತರಬೇತಿಗಳಲ್ಲಿ ‘ನೋಡಿ, ಒಬ್ಬ ಸಹಾಯಕನ ತಪ್ಪಿನಿಂದ ಏನಾಯಿತು’ ಎಂದು ಮುಗಿಸುತ್ತಾರೆ. ನನಗೆ ಅಲ್ಲಿಂದಲೇ ಪ್ರಶ್ನೆಗಳು ಶುರುವಾಗುತ್ತವೆ. ಅವನ ಬಳಿ ಎರಡನೆಯ ಇಕ್ಕಳ ಇತ್ತೇ? ಸಾಲಿನಲ್ಲಿ ಇನ್ನೂ ಎಷ್ಟು ಜನ ನಿಂತಿದ್ದರು? ‘ಬಿತ್ತು, ಸ್ವಲ್ಪ ತಾಳಿ’ ಎಂದು ಮೇಲಧಿಕಾರಿಗೆ ಹೇಳುವ ಧೈರ್ಯ ಅವನಿಗಿತ್ತೇ? ಇಕ್ಕಳ ಯಾರ ಕೈಯಿಂದಲೂ ಬೀಳುತ್ತದೆ. ಬಿದ್ದದ್ದನ್ನು ಎತ್ತಿ ಬಳಸುವಂತೆ ಮಾಡುವುದು ಬೇರೆ ಸಂಗತಿಗಳು, ಅವು ಬಹುಪಾಲು ಆ ಕೈಯ ಒಡೆಯನ ವಶದಲ್ಲಿರುವುದಿಲ್ಲ.

ರಬಾಳೆಯ ಕಡೆ ಒಂದು ಕಾರ್ಖಾನೆಯಲ್ಲಿ ನಮಗೆ ಒಬ್ಬ ಆಪರೇಟರ್ ತಲೆನೋವಾಗಿದ್ದ. ವಿಜಯಪುರ ಜಿಲ್ಲೆಯವನು, ಆರಡಿಯ ಮೇಲಿನ ಆಳು. ಅವನ ಬಲಗೈಯ ಮಣಿಕಟ್ಟನ್ನು ಒತ್ತಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪ್ಲೇಟಿನಲ್ಲಿ ತಿಂಗಳಿಗೊಮ್ಮೆಯಾದರೂ ಎರಡು ಮೂರು ಕಾಲೊನಿ ಏಳುತ್ತಿತ್ತು. (ಮುಂಬಯಿಯಲ್ಲಿ ಕಾಲೊನಿ ಎಂದರೆ ಮನೆಗಳ ಸಾಲು, ನಮ್ಮ ಕಸುಬಿನಲ್ಲಿ ಪ್ಲೇಟಿನ ಮೇಲೆ ಮೂಡುವ ಸೂಕ್ಷ್ಮಜೀವಿಗಳ ಚುಕ್ಕೆ. ಎರಡರಲ್ಲೂ ಜಾಗದ ಜಗಳ ಒಂದೇ.) ಮೂರು ಸಲ ಮರುತರಬೇತಿ, ಮೂರು ಸಲ ಸಹಿ. ಕೈ ತೊಳೆಯುವುದನ್ನು ಗಡಿಯಾರ ಹಿಡಿದು ನೋಡಿದೆವು: ಮೊಣಕೈಯವರೆಗೆ, 30 ಸೆಕೆಂಡಿಗೂ ಹೆಚ್ಚು, ಉಗುರಿನಡಿ ಸಮೇತ. ಕುಂದಿಲ್ಲ. ನಾಲ್ಕನೆಯ ಸಲ ನಾನು ಗಾಜಿನಾಚೆ ಒಂದು ಗಂಟೆ ಸುಮ್ಮನೆ ನಿಂತೆ. ಅವನು ಹಿಂದಿನ ಸಾಲಿನ ಬಾಟಲಿಗೆ ಕೈ ಚಾಚಿದಾಗಲೆಲ್ಲ ಗೌನಿನ ತೋಳು ಹಿಂದೆ ಸರಿದು, ಗ್ಲೌಸಿನ ಅಂಚಿಗೂ ತೋಳಿನ ಅಂಚಿಗೂ ನಡುವೆ ಎರಡು ಬೆರಳಗಲ ಚರ್ಮ ಇಣುಕುತ್ತಿತ್ತು. ಕೈ ಮಡಚಿದೊಡನೆ ಮುಚ್ಚಿಕೊಳ್ಳುತ್ತಿತ್ತು, ಹಾಗಾಗಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಖರೀದಿ ವಿಭಾಗದವರು ಬೆಲೆ ಇಳಿಯುತ್ತದೆಂದು ಎಲ್ಲರಿಗೂ ಒಂದೇ ಅಳತೆಯ ಗೌನ್ ತರಿಸುತ್ತಿದ್ದರು. ದೊಡ್ಡ ಅಳತೆಯದ್ದು ಬಂದ ಮೇಲೆ ಅವನ ಪ್ಲೇಟುಗಳು ತೊಳೆದಂತೆ ಸ್ವಚ್ಛವಾದವು. ಕಡತದಲ್ಲಿ ಮಾತ್ರ ಆ ಮೂರು ‘ಸಿಬ್ಬಂದಿಯ ತಪ್ಪು’ಗಳು ಇಂದಿಗೂ ಅವನ ಹೆಸರಿನಲ್ಲೇ ಇವೆ. ಅದಕ್ಕೆ ಸಹಿ ಹಾಕಿಸಿದವರಲ್ಲಿ ನಾನೂ ಒಬ್ಬ.

ಇನ್ನೊಂದು ಕಡೆ ಕೋಣೆ ಒರೆಸುವ ಗುತ್ತಿಗೆ ಹೆಂಗಸನ್ನು ಮಾತಾಡಿಸಿದೆ. ಕಲಬುರಗಿಯ ಕಡೆಯವಳು. ನೆಲಕ್ಕೆ ಹಾಕುವ ಬೀಜಕಣನಾಶಕ ಹತ್ತು ನಿಮಿಷ ಒದ್ದೆಯಾಗಿಯೇ ಇರಬೇಕು ಎಂದು ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿತ್ತು. ಮೇಲ್ವಿಚಾರಕರು ಹಿಂದಿಯಲ್ಲಿ ‘ಚೆನ್ನಾಗಿ ಒರೆಸು’ ಎಂದಷ್ಟೇ ಹೇಳಿದ್ದರು. ಆಕೆ ಚೆನ್ನಾಗಿಯೇ ಒರೆಸುತ್ತಿದ್ದಳು, ಹಿಂದೆಯೇ ಒಣಬಟ್ಟೆ ಹಾಕಿ ಥಳಥಳ ಮಾಡುತ್ತಿದ್ದಳು. ನಾನು ಕನ್ನಡದಲ್ಲಿ ವಿವರಿಸಿದೆ. ಸ್ವಲ್ಪ ಹೊತ್ತು ಯೋಚಿಸಿ ಕೇಳಿದಳು: ‘ಹತ್ತು ನಿಮಿಷ ಒದ್ದೆಯಾಗಿಯೇ ಬಿಡಬೇಕೆಂದರೆ ಮೇಲಿನ ಮಹಡಿಯ ಎರಡು ಕೋಣೆಗಳನ್ನು ಯಾರು ಒರೆಸುತ್ತಾರೆ ಸರ್?’ ಆ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾವ ಅಧಿಕಾರಿಯೂ ಕೇಳಿರಲಿಲ್ಲ. ಆಕೆಯ ಪಾಳಿಯನ್ನು ಲೆಕ್ಕ ಹಾಕಿದರೆ ಒಂದೊಂದು ಕೋಣೆಗೆ ಸಿಗುತ್ತಿದ್ದದ್ದೇ ಹನ್ನೆರಡು ನಿಮಿಷ.

ಮಳೆಗಾಲದ ಮಾತನ್ನೂ ಸೇರಿಸುತ್ತೇನೆ. ಜೂನ್ ಬಂತೆಂದರೆ ಲೋಕಲ್ ರೈಲಿನಲ್ಲಿ ತೊಯ್ದ ಬಟ್ಟೆಯಲ್ಲೇ ಒಂದು ಗಂಟೆ ನಿಂತು ಬರುವವರ ತೊಡೆಸಂದು, ಕಂಕುಳಲ್ಲಿ ಹುಳುಕಡ್ಡಿ ಸಾಮಾನ್ಯ. ಮೈಮೇಲೆ ಗಾಯ, ಗುಳ್ಳೆ, ಕಣ್ಣುಬೇನೆ, ಕೆಮ್ಮು ಇದ್ದರೆ ತಿಳಿಸಬೇಕು, ಒಳಗೆ ಬರಬಾರದು ಎಂಬುದು ನಿಯಮ. ತಿಳಿಸಿದವರಿಗೆ ಆ ದಿನದ ಕೂಲಿ ಇಲ್ಲವೆಂದರೆ ಯಾರು ತಿಳಿಸುತ್ತಾರೆ? ಹಾಗೆ ಮುಚ್ಚಿಟ್ಟವನನ್ನು ಹಿಡಿದು ‘ಸಿಬ್ಬಂದಿಯ ತಪ್ಪು’ ಎಂದು ಬರೆಯುವುದು ಸುಲಭ.

ಇನ್ನು ಮುಂದಿನ ತಪಾಸಣೆ. ನಿಮ್ಮಂಥ ಆಸ್ಪತ್ರೆಯ ಕೋಣೆಗಳಿಗೆ ಸ್ಟೆರೈಲ್ ಔಷಧಿ ಬೆರೆಸುವುದರ ಬಗೆಗಿನ ಅಮೆರಿಕದ ಔಷಧಕೋಶದ 797ನೇ ಅಧ್ಯಾಯ ಕಾನೂನಲ್ಲ. ಆದರೆ ಅಳತೆಗೋಲಾಗಿ ಹಿಡಿಯುವವರು ಬಹಳ, ಅದರ ಪರಿಷ್ಕೃತ ರೂಪ 2023ರ ನವೆಂಬರ್ 1ರಿಂದ ಜಾರಿಯಲ್ಲಿದೆ. ಔಷಧ ಕಾರ್ಖಾನೆಗಳಿಗೆ ಅನ್ವಯಿಸುವ ನಮ್ಮ ದೇಶದ ನಿಯಮಾವಳಿ ಶೆಡ್ಯೂಲ್ ಎಂ ಕೂಡ 2023ರ ಡಿಸೆಂಬರಿನಲ್ಲಿ ಹೊಸದಾಯಿತು. ಎರಡನ್ನೂ ಓದಿಕೊಂಡು ಬಂದವರು ಬಾಗಿಲಿನಲ್ಲೇ ನೋಡತೊಡಗುತ್ತಾರೆ: ಉಂಗುರ, ಬಳೆ, ಗಡಿಯಾರ, ಉಗುರುಬಣ್ಣ, ಮುಖದ ಪೌಡರ್, ಹಣೆಯ ಕುಂಕುಮ, ಮುಡಿಯ ಮಲ್ಲಿಗೆ, ಗೌನಿನೊಳಗೆ ಕಿಸೆಯಲ್ಲಿ ಉಳಿದ ಮೊಬೈಲ್. ಬಳೆ ತೆಗೆಯುವುದು ಅಪಶಕುನ ಎಂದು ಮನೆಯಲ್ಲಿ ಅತ್ತೆ ಬೇಸರಿಸುತ್ತಾರೆ ಎಂದು ಕಣ್ಣೀರು ಹಾಕಿದ ಹುಡುಗಿಯರನ್ನು ಕಂಡಿದ್ದೇನೆ. ಲಾಕರಿನಲ್ಲಿ ಒಂದು ಪುಟ್ಟ ಡಬ್ಬಿ ಇಟ್ಟುಕೊಳ್ಳಿ, ಮನೆಗೆ ಹೋಗುವಾಗ ತೊಟ್ಟುಕೊಂಡು ಹೋಗಿ. ಆಮೇಲೆ ಗೌನ್ ಹಾಕಿಕೊಳ್ಳುವಾಗ ಅದು ನೆಲಕ್ಕೆ ತಾಗಿತೇ, ಶೂ ಕವರ್ ಹಾಕಿದ ಕಾಲು ಗೆರೆಯ ಈಚೆಗೆ ಬಂತೇ ಎಂದು ನೋಡುತ್ತಾರೆ. ಹುಡ್‌ನ ಮುಂದೆ ಕೂತ ಮೇಲೆ ಮೊಣಕೈ ಊರಿದಿರಾ, ಮುಂದಿನ ಅಂಚಿನಿಂದ ಕನಿಷ್ಠ 15 ಸೆಂಟಿಮೀಟರ್ ಒಳಗೆ ಕೆಲಸ ಮಾಡಿದಿರಾ, ರಬ್ಬರನ್ನು ಒರೆಸಿ ಒಣಗಲು ಬಿಟ್ಟಿರಾ ಅಥವಾ ಒದ್ದೆ ಇರುವಾಗಲೇ ಸೂಜಿ ಚುಚ್ಚಿದಿರಾ ಎಂಬುದೆಲ್ಲ ಬರುತ್ತದೆ. ಇವುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ನಿಮಗೆ ಗೊತ್ತಿರುವಂಥವೇ.

ಹೇಳಬೇಕಾದ್ದು ಬೆರಳ ಪ್ಲೇಟಿನ ಬಗ್ಗೆ. ಹೊಸಬರು ಗ್ಲೌಸ್ ಹಾಕಿದ ತಕ್ಷಣ ಎರಡೂ ಕೈಗಳ ಬೆರಳ ತುದಿಗಳನ್ನು ಪ್ಲೇಟಿಗೆ ಒತ್ತಬೇಕು. ಸತತ ಮೂರು ಸಲ ಸೊನ್ನೆ ಬರಬೇಕು. ಮೀಡಿಯಾ ಫಿಲ್, ಅಂದರೆ ಔಷಧಿಯ ಬದಲು ಬ್ಯಾಕ್ಟೀರಿಯಾ ಬೆಳೆಯುವ ದ್ರವ ಬಳಸಿ ಚೀಲ ತುಂಬುವ ಪರೀಕ್ಷೆ, ಮುಗಿದ ಮೇಲೆ ಒತ್ತಿದಾಗ ಎರಡೂ ಕೈ ಸೇರಿ ಮೂರಕ್ಕಿಂತ ಹೆಚ್ಚು ಕಾಲೊನಿ ಇರಬಾರದು. ಒಂದು ಆಸ್ಪತ್ರೆಯಲ್ಲಿ ನಾಲ್ಕು ವರ್ಷದ ದಫ್ತರು ತಂದಿಟ್ಟರು, ಪುಟದಿಂದ ಪುಟಕ್ಕೆ ಸೊನ್ನೆ, ಒಂದು ಚುಕ್ಕೆಯೂ ಇಲ್ಲ. ಅವರು ಶಹಭಾಸ್‌ಗಿರಿಗೆ ಕಾದಿದ್ದರು. ನಾನು ‘ಒಮ್ಮೆ ಒತ್ತಿ ತೋರಿಸಿ’ ಎಂದೆ. ಹುಡುಗ ಎದ್ದು ಬಂದು, ಗ್ಲೌಸಿಗೆ ಧಾರಾಳವಾಗಿ ಆಲ್ಕೊಹಾಲ್ ಹೊಡೆದುಕೊಂಡು, ಹನಿ ತೊಟ್ಟಿಕ್ಕುವ ಬೆರಳನ್ನು ಪ್ಲೇಟಿಗೆ ಒತ್ತಿದ. ಒತ್ತುವ ಮುನ್ನ ಆಲ್ಕೊಹಾಲ್ ಹಚ್ಚಲೇಬಾರದು. ಕೆಲಸ ಮಾಡುವಾಗ ಇದ್ದ ಕೈಯನ್ನೇ ಒತ್ತಬೇಕು. ಅವನಿಗೆ ಹಾಗೆ ಕಲಿಸಿದವರು ಹಿರಿಯರೇ; ಚುಕ್ಕೆ ಬಂದ ತಿಂಗಳು ನೋಟಿಸ್ ಬರುತ್ತಿತ್ತಂತೆ. ನಿಮ್ಮ ಕೋಣೆಯ ದಫ್ತರಿನಲ್ಲೂ ಸೊನ್ನೆಗಳೇ ಇದ್ದರೆ ಖುಷಿಪಡುವ ಮುನ್ನ, ಯಾರು ಹೇಗೆ ಒತ್ತುತ್ತಾರೆ ಎಂದು ಒಮ್ಮೆ ನಿಂತು ನೋಡಿ.

ಮೀಡಿಯಾ ಫಿಲ್‌ನಲ್ಲೂ ಇದೇ ಬಗೆಯ ಮೋಸ, ಗೊತ್ತಿಲ್ಲದೆ ನಡೆಯುವಂಥದ್ದು. ಬೆಳಗ್ಗೆ ಹತ್ತಕ್ಕೆ, ಊಟವಾಗಿ ಮೈ ಹಗುರವಾಗಿರುವಾಗ, ಮೂರು ಚೀಲ ಮಾಡಿ 14 ದಿನ ಇಟ್ಟು ನೋಡುತ್ತೀರಿ, ತಿಳಿಯಾಗಿಯೇ ಇರುತ್ತದೆ. ನಿಮ್ಮ ನಿಜವಾದ ಕೆಲಸ ನಡೆಯುವುದು ನವಜಾತ ಶಿಶುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುನಿಂದ ಮೂರನೆಯ ಸಲ ಫೋನ್ ಬಂದಾಗ, ಮಧ್ಯಾಹ್ನ ನಾಲ್ಕಕ್ಕೆ, ಹನ್ನೆರಡನೆಯ ಚೀಲದಲ್ಲಿ. ಪರೀಕ್ಷೆ ಮಾಡುವುದಾದರೆ ಆ ಹೊತ್ತಿಗೇ, ಅಷ್ಟೇ ಸಂಖ್ಯೆಯಲ್ಲಿ ಮಾಡಿಸಿಕೊಳ್ಳಿ. ಚೆನ್ನಾಗಿ ಬಲ್ಲ ತಪಾಸಕರು ಕೇಳುವುದೇ ಅದನ್ನು.

ಸಹಿ ಹಾಕಿದ್ದಾಗಿದೆ, ಅದಕ್ಕೆ ಚಿಂತೆ ಬೇಡ. ಹಿಂದಿನ ತಾರೀಕು ಹಾಕಿ ತಿದ್ದುವ ಯೋಚನೆಯನ್ನೂ ಮಾಡಬೇಡಿ. ಇಂದಿನ ತಾರೀಕಿನಲ್ಲಿ ತಪ್ಪು ತಿದ್ದಿ ಮರುಕಳಿಸದಂತೆ ತಡೆಯುವ ಕ್ರಮಗಳ ಕಾಪಾ ಕಡತಕ್ಕೆ ಇನ್ನೊಂದು ಪುಟ ಸೇರಿಸಲು ಕೇಳಿ. ಮೊದಲ ಸಾಲಿನಲ್ಲಿ ತಪ್ಪನ್ನು ಒಪ್ಪಿಕೊಳ್ಳಿ: ಹೌದು, ಫ್ರಿಜ್ ತೆರೆದೆ, ಆಲ್ಕೊಹಾಲ್ ಹಚ್ಚಲಿಲ್ಲ. ಎರಡನೆಯ ಸಾಲಿನಲ್ಲಿ ಏಕೆ ತೆರೆದಿರಿ ಎಂದು ಬರೆಯಿರಿ. ಬೇಕಾದ ವೈಯಲ್‌ಗಳೆಲ್ಲ ಮೊದಲೇ ಒರೆಸಿ ತಟ್ಟೆಯಲ್ಲಿ ಸಿದ್ಧವಾಗಿದ್ದರೆ ತೆರೆಯುವ ಪ್ರಸಂಗವೇ ಬರುತ್ತಿರಲಿಲ್ಲ; ನಡುವೆ ವೈದ್ಯರು ಪ್ರಮಾಣ ಬದಲಿಸಿದರೆ ಹೊರಗಿನಿಂದ ತಂದುಕೊಡಲು ಇನ್ನೊಂದು ಜೊತೆ ಕೈ ಬೇಕು. ಆ ಇನ್ನೊಂದು ಜೊತೆ ಕೈ ನಿಮ್ಮ ಪಾಳಿಯಲ್ಲಿ ಇತ್ತೇ? ಇರಲಿಲ್ಲವಾದರೆ ಅದನ್ನೇ ಬರೆಯಿರಿ, ದೂರಿನ ಧಾಟಿ ಬೇಡ. ಗಾಳಿಯ ಆಕ್ಷೇಪಕ್ಕೆ, ಎರಡು ಬಗೆಯ ಹುಡ್‌ಗೂ ಪ್ರತ್ಯೇಕವಾಗಿ ಕೈಯ ಪರೀಕ್ಷೆ ಆಗಬೇಕು, ಹೊಗೆಯ ವಿಡಿಯೊ ತೋರಿಸಬೇಕು ಎಂದು ಕೇಳಿ. ಮ್ಯಾನೇಜರ್ ಸಿಡುಕಬಹುದು. ಮುಂದಿನ ಸಲ ಅದೇ ಆಕ್ಷೇಪ ಮರುಕಳಿಸಿದರೆ ‘ಮರುತರಬೇತಿ’ ಎಂಬ ಮಾತನ್ನು ಎರಡನೆಯ ಬಾರಿ ಬರೆಯಬೇಕಾದವರು ಅವರೇ ಎಂದು ನೆನಪಿಸಿ. ಒಂದೇ ಮದ್ದನ್ನು ಎರಡು ಸಲ ಬರೆದ ಕಡತವನ್ನು ಕಂಡರೆ ತಪಾಸಕರು ಕುರ್ಚಿ ಎಳೆದುಕೊಂಡು ಕೂರುತ್ತಾರೆ.

ಒಂದು ಸಂಗತಿಯನ್ನು ನೀವು ಬರೆದಿಲ್ಲ: ಆ ಫ್ರಿಜ್ ಇರುವುದೆಲ್ಲಿ? ಹುಡ್‌ನಿಂದ ಅದಕ್ಕೆ ಎಷ್ಟು ಹೆಜ್ಜೆ, ಬಾಗಿಲು ಯಾವ ಕಡೆಗೆ ತೆರೆಯುತ್ತದೆ, ನೀವು ಎದ್ದಾಗ ಕುರ್ಚಿ ಎತ್ತ ಸರಿಯುತ್ತದೆ? ಕೋಣೆಯ ನಕ್ಷೆಯನ್ನು ಕೈಯಲ್ಲೇ ಗೀಚಿ ಕಳಿಸಿ, ಅಳತೆ ಅಡಿಯಲ್ಲಿದ್ದರೂ ಸಾಕು.